ಲಕ್ಷ್ಯ ಎಲ್ಲೈತಿ?

ಮಿರಜದ ಡಾಕ್ಟರರ ಕಂಪೌಂಡರ್ ಚೀಟಿಯ ಹಿಂಬದಿಗೆ ನಾಲ್ಕು ಸಾಲು ಬರೆದುಕೊಟ್ಟಿದ್ದ. ರಾತ್ರಿ ಹನ್ನೆರಡರ ತನಕ ಕೂಸನ್ನು ಮಲಗಿಸಬಾರದು. ನಸುಕಿನ ನಾಲ್ಕಕ್ಕೆ ಎಬ್ಬಿಸಬೇಕು. ದಾರಿಯಲ್ಲಿ ಕಣ್ಣು ಮುಚ್ಚಗೊಡಬಾರದು. ತಲೆಗೆ ಶಾಂಪೂ ಹಾಕಿ ಎರೆಯಬೇಕು, ಎಣ್ಣೆ ಮುಟ್ಟಿಸಬಾರದು.

ನಮ್ಮ ಮನೆಯಲ್ಲಿ ಜಗಳ ಶುರುವಾದದ್ದು ಈ ನಾಲ್ಕನೆಯ ಸಾಲಿನಿಂದ. "ಎಣ್ಣಿ ಇಲ್ಲದ ತಲಿ ಹೊತ್ಕೊಂಡು ಹೆಣ್ಣ ಕೂಸು ಊರ ದಾಟಬೇಕೇನು? ನೋಡಿದವ್ರು ಇದಕ್ಕ ಹಿಂದ ಮುಂದ ಯಾರೂ ಇಲ್ಲೇನು ಅಂದಾರು," ಅಂತ ನಮ್ಮ ಮನೆಯಾಕೆ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಳು. ಎಣ್ಣೆ ಇದ್ದರೆ ವೈರು ಅಂಟುವುದಿಲ್ಲ, ವೈರು ಅಂಟದಿದ್ದರೆ ಪಟ್ಟಿ ಬರುವುದಿಲ್ಲ ಎಂದು ಸೊಸೆ ತಿಳಿಸಿ ಹೇಳಿದ ಮೇಲೆ ಬಟ್ಟಲು ಒಳಗೆ ಹೋಯಿತು. ಮಾತು ಮಾತ್ರ ರಾತ್ರಿ ಊಟದ ತನಕ ಹೊರಗೇ ಇತ್ತು.

ಮೊದಲ ಮೂರು ಸಾಲುಗಳ ಹೊಣೆ ನನ್ನ ಪಾಲಿಗೆ ಬಂತು. ನಿವೃತ್ತ ಮಾಸ್ತರನಿಗೆ ಹೇಗೂ ನಿದ್ದೆ ಬರುವುದಿಲ್ಲ, ಕಾವಲಿಗೆ ಅವನೇ ಸರಿ ಎಂದು ಎಲ್ಲರೂ ಒಮ್ಮತದಿಂದ ತೀರ್ಮಾನಿಸಿದರು. ಐದು ವರ್ಷದಿಂದ ಇಡೀ ಮನೆ ನಮ್ಮ ಸಣ್ಣವ್ವನನ್ನು ಮಲಗಿಸಲಿಕ್ಕೆ ಹೆಣಗಿದೆ. ತೊಟ್ಟಿಲು ತೂಗಿದ್ದೇವೆ, ಗುಮ್ಮನನ್ನು ಕರೆದಿದ್ದೇವೆ, ಮಾಳಿಗೆ ಹತ್ತಿಸಿ ಚಂದ್ರನನ್ನು ತೋರಿಸಿದ್ದೇವೆ. ಆ ರಾತ್ರಿ ಎಲ್ಲ ತಿರುವುಮುರುವು. ಸೀಮೆಸುಣ್ಣದಿಂದ ನೆಲದ ಮೇಲೆ ಚೌಕಾಬಾರದ ಮನೆ ಬರೆದು ಹುಣಸೆ ಬೀಜ ಇಟ್ಟೆ. ಹತ್ತೂವರೆ ತನಕ ಆಕೆಯೇ ಗೆದ್ದಳು. ಆಮೇಲೆ ಕವಡೆ ಕೈಯಲ್ಲಿದ್ದಂತೆಯೇ ತೂಗಾಡತೊಡಗಿದಳು. ಎತ್ತಿಕೊಂಡು ಓಣಿಯಲ್ಲಿ ಎರಡು ಸುತ್ತು ಹಾಕಿದೆ. ಹೊಳೆಯ ಕಡೆಯಿಂದ ತಣ್ಣನೆಯ ಗಾಳಿ ಬರುತ್ತಿತ್ತು. ಕಟ್ಟೆಯ ಮೇಲೆ ಮಲಗಿದ್ದವರೊಬ್ಬರು ಮುಸುಕು ಸರಿಸಿ, "ಯಾಕ್ರಿ ಮಾಸ್ತರ, ಕೂಸು ಅಳಾಕತ್ತೇತೇನು?" ಅಂದರು. "ಇಲ್ಲಪಾ, ಮಲಗಾಕತ್ತೇತಿ," ಅಂದೆ. ಅವರು ನನ್ನನ್ನೇ ಒಂದು ಗಳಿಗೆ ನೋಡಿ ಮತ್ತೆ ಮುಸುಕು ಎಳೆದುಕೊಂಡರು.

ಇಷ್ಟೆಲ್ಲ ಯಾಕೆ ಅಂತ ಹೇಳಬೇಕು.

ದೀಪಾವಳಿ ಮುಗಿದ ಮೇಲೆ ಮೊದಲು ಕಂಡದ್ದು. ಸಣ್ಣವ್ವ ಉಣ್ಣುತ್ತ ಕೂತಿರುತ್ತಾಳೆ. ಮುರಿದ ರೊಟ್ಟಿಯ ಕೈ ಬಾಯಿಯ ಅರ್ಧ ದಾರಿಯಲ್ಲಿ ನಿಂತುಬಿಡುತ್ತದೆ. ಕಣ್ಣು ತೆರೆದೇ ಇರುತ್ತವೆ, ರೆಪ್ಪೆ ಸಣ್ಣಗೆ ಪಟಪಟ ಅನ್ನುತ್ತದೆ, ನೋಟ ಮಾತ್ರ ಗೋಡೆಯ ಆಚೆಗೆಲ್ಲೋ. ಒಂದರಿಂದ ಎಂಟು ಎಣಿಸುವಷ್ಟು ಹೊತ್ತು. ಆಮೇಲೆ ರೊಟ್ಟಿ ಬಾಯಿಗೆ ಹೋಗುತ್ತದೆ, ನಿಂತ ಮಾತು ನಿಂತಲ್ಲಿಂದಲೇ ಮುಂದುವರಿಯುತ್ತದೆ. ನಡುವೆ ಏನಾದರೂ ಆಯಿತೆಂಬ ಗುರುತು ಮುಖದಲ್ಲಿ ಇರುವುದಿಲ್ಲ. ಬಿದ್ದು ಒದ್ದಾಡಿದ್ದರೆ, ಬಾಯಲ್ಲಿ ನೊರೆ ಬಂದಿದ್ದರೆ ನಮಗೂ ತಿಳಿಯುತ್ತಿತ್ತು. ಓಣಿಯವರು ಓಡಿ ಬಂದು ಕೈಯಲ್ಲಿ ಕೀಲಿಕೈ ಹಿಡಿಸುತ್ತಿದ್ದರು, ಮೂಗಿಗೆ ಉಳ್ಳಾಗಡ್ಡಿ ಹಿಡಿಯುತ್ತಿದ್ದರು. ಅವುಗಳಿಂದ ಏನೂ ಆಗುವುದಿಲ್ಲ ಅನ್ನುವುದು ಬೇರೆ ಮಾತು, ಗಾಬರಿಯಾದರೂ ಆಗುತ್ತಿತ್ತು. ಇದು ಯಾರನ್ನೂ ಗಾಬರಿಗೊಳಿಸದ ಬೇನೆ. ನಾನಂತೂ ಗದರಿಸಿದೆ. "ಏ ಸಣ್ಣವ್ವಾ, ಲಕ್ಷ್ಯ ಎಲ್ಲೈತಿ?"

ಮೂವತ್ತಮೂರು ವರ್ಷ ಈ ಒಂದು ವಾಕ್ಯದ ಮೇಲೆ ಪಗಾರ ತೆಗೆದುಕೊಂಡವನು ನಾನು. ಗಣಿತದ ಮಾಸ್ತರ.

ಹತ್ತಿರದ ಪೇಟೆಯ ಡಾಕ್ಟರೊಬ್ಬರಿಗೆ ತೋರಿಸಿದೆವು. ಹೊಟ್ಟೆಯಲ್ಲಿ ಜಂತು ಇರಬೇಕು ಅಂದರು, ಔಷಧ ಕೊಟ್ಟರು. ಟಾನಿಕ್ ಬರೆದರು. ಟಿ.ವಿ. ಬಂದ್ ಮಾಡಿರಿ ಅಂದರು. ಮಾಡಿದೆವು. ಟಿ.ವಿ. ಇಲ್ಲದೆ ನೋಡಲಿಕ್ಕೆ ಬೇರೆ ಏನೂ ಉಳಿಯದ ನಾವು ನಾಲ್ಕು ಜನ ದೊಡ್ಡವರು ಕೂಸನ್ನೇ ನೋಡತೊಡಗಿದೆವು. ಆಗ ತಿಳಿಯಿತು, ಇದು ದಿನಕ್ಕೆ ಒಂದೆರಡು ಸಲದ ಮಾತಲ್ಲ.

ಸೊಸೆಗೆ ಮೊದಲೇ ತಿಳಿದಿತ್ತು. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ತಾರೀಖಿನ ಚೌಕಿನೊಳಗೆ ಪೆನ್ಸಿಲಿನ ಸಣ್ಣ ಗೀಟುಗಳಿದ್ದವು. ಎರಡು ತಿಂಗಳಿಂದ ಅವನ್ನು ನಾನು ದಿನಾ ನೋಡುತ್ತಿದ್ದೆ. ಹಾಲಿನ ಲೆಕ್ಕ ಅಂತ ತಿಳಿದಿದ್ದೆ. ಒಂದು ಚೌಕಿನಲ್ಲಿ ಹದಿನಾಲ್ಕು ಗೀಟು. ಹದಿನಾಲ್ಕು ಲೀಟರ್ ಹಾಲು ನಮ್ಮ ಮನೆಗೆ ಯಾಕೆ ಎಂದು ಗಣಿತದ ಮಾಸ್ತರನಿಗೆ ಹೊಳೆಯಲಿಲ್ಲ ನೋಡಿ.

"ಮಾವಾರ, ಮಿರಜಿಗಿ ಹೋಗೂನ್ರಿ," ಅಂದಳು ಆಕೆ.

ನಮ್ಮ ಕಡೆ ಈ ಮಾತಿಗೆ ಒಂದು ತೂಕವಿದೆ. "ಮಿರಜಿಗಿ ಒಯ್ದಾರಂತ" ಎಂದು ಊರಲ್ಲಿ ಸುದ್ದಿ ಹಬ್ಬಿದರೆ ಬೇನೆ ದೊಡ್ಡದು ಎಂದೂ ಅರ್ಥ, ಮನೆಯವರು ಇನ್ನೂ ಕೈ ಚೆಲ್ಲಿಲ್ಲ ಎಂದೂ ಅರ್ಥ. ಕೆನಡಾದಲ್ಲಿ ಹುಟ್ಟಿದ ವಿಲಿಯಂ ವಾನ್ಲೆಸ್ ಎಂಬ ಮಿಷನ್ ಡಾಕ್ಟರು 1894ರಲ್ಲಿ ಅಲ್ಲಿ ಆಸ್ಪತ್ರೆ ತೆರೆದಾಗಿನಿಂದ ಕೃಷ್ಣೆಯ ಈಚೆಯ ಕನ್ನಡದ ಮಂದಿ ಕಣ್ಣಿನ ಪೊರೆಗೆ, ಹೊಟ್ಟೆಯ ಗಡ್ಡೆಗೆ, ಕ್ಷಯಕ್ಕೆ ಆ ದಾರಿ ಹಿಡಿದಿದ್ದಾರೆ. ಆಗ ಗಡಿ ಎಂಬುದೂ ಬೇರೆ ನಮೂನೆಯದಿತ್ತು. ನಮ್ಮ ಜಮಖಂಡಿಯೂ ಪಟವರ್ಧನರ ಸಂಸ್ಥಾನ, ಮಿರಜವೂ ಪಟವರ್ಧನರ ಸಂಸ್ಥಾನ. ನಮ್ಮ ಮಗ್ಗುಲಿನ ತೇರದಾಳವಂತೂ ಸಾಂಗಲಿಯ ಪಟವರ್ಧನರ ಕೈಯಲ್ಲಿತ್ತು. 1956ರಲ್ಲಿ ರಾಜ್ಯಗಳು ಬೇರೆಯಾದವು. ಬೇನೆಗೆ ಅದು ತಿಳಿಯಲಿಲ್ಲ. ಈಗ ಬಾಗಲಕೋಟೆಯಲ್ಲಿ, ವಿಜಯಪುರದಲ್ಲಿ, ಬೆಳಗಾವಿಯಲ್ಲಿ ಮೆಡಿಕಲ್ ಕಾಲೇಜುಗಳಿವೆ, ದೊಡ್ಡ ಡಾಕ್ಟರರಿದ್ದಾರೆ. ಆದರೂ ಮನಸ್ಸಿನಲ್ಲಿ ಹೆದರಿಕೆ ಹೊಕ್ಕ ಕೂಡಲೇ ನಮ್ಮವರ ಕಾಲು ಕುಡಚಿ ಸ್ಟೇಷನ್ನಿನ ಕಡೆ ತಿರುಗುತ್ತವೆ. ಮಿರಜದಲ್ಲಿ ಡಾಕ್ಟರು ಮರಾಠಿ ಮಾತಾಡುತ್ತಾರೆ, ಹೊರಗೆ ಬೆಂಚಿನ ಮೇಲೆ ಕೂತ ಬೇನೆಗಳೆಲ್ಲ ಕನ್ನಡ ಮಾತಾಡುತ್ತವೆ.

ಮೊದಲ ಭೇಟಿಗೆ ಹೋದಾಗ ಕಬ್ಬಿನ ಬಿಲ್ಲು ಬಂದಿರಲಿಲ್ಲ. ಮಗ ಬನಹಟ್ಟಿಯಲ್ಲಿ ತಾನು ಮಗ್ಗ ನಡೆಸುವ ಮಾಲೀಕನ ಹತ್ತಿರ ಐದು ಸಾವಿರ ಉಚಲಿ ಎತ್ತಿದ. ಕೇಸ್ ಪೇಪರ್ ತೆಗೆಸಲಿಕ್ಕೆ ಆರುನೂರು. ನಮ್ಮ ನಂಬರು ಇಪ್ಪತ್ತೇಳು. ಗೋಡೆಯ ಮೇಲೆ ಮರಾಠಿಯಲ್ಲಿ ಅಂದವಾಗಿ ಬರೆದ ಸೂಚನೆಗಳ ಕೆಳಗೆ ಅದೇ ಪೇಂಟರ್ ಚಿತ್ರ ನೋಡಿ ಚಿತ್ರ ಬರೆದಂತೆ ಕನ್ನಡವನ್ನೂ ಬರೆದಿದ್ದ. 'ಚಪ್ಪಲಿ'ಯ ಒತ್ತಕ್ಷರ ಪಕ್ಕದ ಅಕ್ಷರಕ್ಕೆ ಜೋತುಬಿದ್ದಿತ್ತು. ಅಥಣಿಯವರು, ರಾಯಬಾಗದವರು, ಗೋಕಾಕದವರು. ಯಾರ ತೊಡೆಯ ಮೇಲೆ ನೋಡಿದರೂ ಒಂದು ಕೂಸು, ಕೂಸಿನ ಪಕ್ಕ ಒಂದು ಪ್ಲಾಸ್ಟಿಕ್ ಚೀಲದ ತುಂಬ ಹಳೆಯ ಚೀಟಿಗಳು. ಅಲ್ಲಿ ಮೂರು ತಾಸು ಕೂತಾಗ ನಮ್ಮ ಬೇನೆ ಎಷ್ಟು ಸಣ್ಣದು ಎಂದೂ ಅನಿಸಿತು, ಹಾಗೆ ಅನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಒಳಗೆ ಹೋದ ಕೂಡಲೇ ನಾನು ಗಂಟಲು ಸರಿಮಾಡಿಕೊಂಡು ಶುರು ಮಾಡಿದೆ. ಡಾಕ್ಟರು ಕೈ ಎತ್ತಿದರು. ಅವರ ಕನ್ನಡಕ್ಕೆ ಮರಾಠಿಯ ಅಂಚು ಇತ್ತು. "ಗುರುಗಳ, ಒಂದ ಮಿನಿಟ. ಅಕ್ಕಾರು ಹೇಳಲಿ." ಸೊಸೆ ಪರ್ಸಿನಿಂದ ಮಡಚಿದ ಕ್ಯಾಲೆಂಡರಿನ ಎರಡು ಹಾಳೆ ತೆಗೆದು ಟೇಬಲ್ಲಿನ ಮೇಲೆ ಬಿಡಿಸಿಟ್ಟಳು. ಮೊಬೈಲಿನಲ್ಲಿ ತೆಗೆದ ವಿಡಿಯೊ ತೋರಿಸಿದಳು. ನಾನು ಜತನವಾಗಿ ಜೋಡಿಸಿ ತಂದ ಫೈಲನ್ನು ಅವರು ತೆರೆಯಲೂ ಇಲ್ಲ. ಗೀಟುಗಳ ಮೇಲೆ ಬೆರಳಾಡಿಸಿ, "ಭಾಳ ಚಲೋ ಕೆಲಸ ಮಾಡೀರಿ," ಅಂದರು. ಆಮೇಲೆ ಡ್ರಾವರಿನಿಂದ ಒಂದು ಗಾಳಿಚಕ್ರ ತೆಗೆದರು, ಜಾತ್ರೆಯಲ್ಲಿ ಹತ್ತು ರೂಪಾಯಿಗೆ ಮಾರುತ್ತಾರಲ್ಲ, ಅಂಥದು.

"ಊದು ನೋಡೋಣ. ನಿಂದರಸಬ್ಯಾಡ."

ಸಣ್ಣವ್ವ ಊದಿದಳು. ಕೆಂಪು ಹಳದಿ ಎಲೆಗಳು ಗರಗರ ತಿರುಗಿದವು. ಒಂದು ನಿಮಿಷ ಆಯಿತು. ಇನ್ನೂ ಊದು ಅಂದರು. ಎರಡು ನಿಮಿಷದ ಹತ್ತಿರ ಬಂದಿರಬೇಕು, ಚಕ್ರದ ವೇಗ ಇಳಿಯಿತು. ಬಣ್ಣಗಳು ಬೇರೆ ಬೇರೆಯಾಗಿ ಕಂಡವು. ನಿಂತಿತು. ತುಟಿ ಊದುವ ಆಕಾರದಲ್ಲೇ ಇತ್ತು, ಕಣ್ಣು ಮಾತ್ರ ಗೋಡೆಯ ಆಚೆ. ಡಾಕ್ಟರು ಚಿಟಿಕೆ ಹೊಡೆಯಲಿಲ್ಲ, ಹೆಗಲು ಅಲುಗಿಸಲಿಲ್ಲ. ಮೆಲ್ಲಗೆ "ಕೆಂಪ ಕುದುರಿ" ಅಂದರು. ಗೋಡೆಯ ಗಡಿಯಾರ ನೋಡಿದರು. ಒಂಬತ್ತು ಸೆಕೆಂಡಿಗೆ ಚಕ್ರ ಮತ್ತೆ ತಿರುಗತೊಡಗಿತು.

"ಈಗ ನಾ ಏನಂದೆ, ಹೇಳು?"

ಸಣ್ಣವ್ವ ನಮ್ಮೆಲ್ಲರ ಮುಖ ನೋಡಿದಳು. "ಊದು ಅಂದ್ರಿ."

ಆಕೆಗೆ ಕುದುರೆ ಕೇಳಿಸಿರಲೇ ಇಲ್ಲ. ಡಾಕ್ಟರು ನನ್ನ ಕಡೆ ತಿರುಗಿ, "ಗುರುಗಳ, ಇದು ಆಕಿ ಮಾಡೂದಲ್ಲ. ಆಕಿಗಿ ಆಗೂದು," ಅಂದರು. ನಾನು ಬೈಯುತ್ತಿದ್ದೆ ಎಂದು ಅವರಿಗೆ ಯಾರು ಹೇಳಿದರೋ. ಮಾಸ್ತರಿಕೆ ಮುಖದ ಮೇಲೆ ಬರೆದಿರುತ್ತದೆ ಅಂತ ಕಾಣುತ್ತದೆ.

ಇದು ಫಿಟ್ಸಿನದೇ ಒಂದು ನಮೂನೆ, ಅಬ್ಸೆನ್ಸ್ ಅನ್ನುತ್ತಾರೆ ಎಂದರು. ನಾಲ್ಕು ವರ್ಷದಿಂದ ಹತ್ತು ವರ್ಷದೊಳಗಿನ ಮಕ್ಕಳಲ್ಲಿ ಶುರುವಾಗುತ್ತದೆ. ಮಿದುಳಿನ ಕರೆಂಟು ಕೆಲವು ಸೆಕೆಂಡು ಒಂದೇ ತಾಳಕ್ಕೆ ಬಿದ್ದುಬಿಡುತ್ತದೆ, ಅಷ್ಟು ಹೊತ್ತು ಹೊರಗಿನದು ಯಾವುದೂ ಒಳಗೆ ಹೋಗುವುದಿಲ್ಲ. ಔಷಧಕ್ಕೆ ಬಗ್ಗುತ್ತದೆ, ಬಹಳಷ್ಟು ಮಕ್ಕಳಿಗೆ ದೊಡ್ಡವರಾಗುವ ಹೊತ್ತಿಗೆ ಬಿಟ್ಟೂ ಹೋಗುತ್ತದೆ. ಆದರೆ ಇಇಜಿ, ಅಂದರೆ ಮಿದುಳಿನ ಕರೆಂಟಿನ ಪಟ್ಟಿ, ತೆಗೆದು ಖಾತ್ರಿ ಮಾಡಿಕೊಳ್ಳಬೇಕು. ನನ್ನ ಕಿವಿಯಲ್ಲಿ ಆ ಒಂದು ಶಬ್ದವೇ ಉಳಿಯಿತು. ಅಬ್ಸೆಂಟ್. ಹಾಜರಿ ಪುಸ್ತಕದಲ್ಲಿ ಕೆಂಪು ಮಸಿಯಿಂದ ಎಷ್ಟು ಸಾವಿರ ಸಲ ಬರೆದಿದ್ದೇನೋ. ಬೆಂಚಿನ ಮೇಲೆ ಕೂತೇ ಗೈರುಹಾಜರಾಗುವವರ ಕಾಲಮ್ಮು ಆ ಪುಸ್ತಕದಲ್ಲಿ ಇರಲಿಲ್ಲ.

ಊರಿಗೆ ಬಂದು ಹೇಳಿದಾಗ ಮನೆಯಾಕೆ ಪೂರ್ತಿ ಕೇಳಲಿಲ್ಲ. 'ಫಿಟ್ಸ್' ಅನ್ನುವಲ್ಲಿಗೇ ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದಳು. "ಜಂತ ಆಗಿದ್ದೂವು ಅಂತ ಹೇಳೂನು. ಹೆಣ್ಣ ಕೂಸೈತಿ. ನಾಳೆ ಕೊಡಬೇಕು, ತರಬೇಕು." ಐದು ವರ್ಷದ ಕೂಸಿನ ಮದುವೆ! ನನಗೆ ಸಿಟ್ಟು ಬಂತು. ಸಿಟ್ಟು ಬಂದಾಗ ಮಾಸ್ತರರು ಮಾಡುವ ಕೆಲಸವನ್ನೇ ಮಾಡಿದೆ, ಪುಸ್ತಕ ಹುಡುಕಿದೆ. ಆಕೆ ಹೆದರಿದ್ದು ಪೂರಾ ಗಾಳಿಯ ಮಾತಲ್ಲ ಎಂದು ತಿಳಿಯಿತು. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆಗೆ ಅಡ್ಡಿಯಾಗುವ ಸಂಗತಿಗಳ ಸಾಲಿನಲ್ಲಿ, ಬುದ್ಧಿಭ್ರಮಣೆಯ ಪಕ್ಕದಲ್ಲಿ, ಮೂರ್ಛೆರೋಗದ ಹೆಸರೂ ಒಂದು ಕಾಲಕ್ಕೆ ಇತ್ತು. ಅದನ್ನು ತೆಗೆದುಹಾಕಿದ್ದು 1999ರಲ್ಲಿ. ಓದಿ ಹೇಳಿದೆ. ಆಕೆ ಅಕ್ಕಿ ಆರಿಸುತ್ತ, "ಕಾಯ್ದೆದಾಗಿಂದ ತಗದ್ರ ಮಂದಿ ಬಾಯಾಗಿಂದ ತಗದಂಗಾತೇನ್ರಿ?" ಅಂದಳು. ಇದಕ್ಕೆ ನನ್ನ ಪುಸ್ತಕದಲ್ಲಿ ಉತ್ತರ ಇರಲಿಲ್ಲ. ಚಿಂಚಲಿ ಮಾಯವ್ವನಿಗೆ ಹರಕೆ ಹೊತ್ತಳು. ಹೊರಲಿ. ಮಾಯವ್ವನಿಗೂ ಕುಡಚಿ ದಾರಿಯಲ್ಲೇ ಹೋಗಬೇಕು, ಡಾಕ್ಟರಿಗೂ ಅದೇ ದಾರಿ. ಸ್ಟೇಷನ್ನಿನಿಂದ ಒಂದು ಬಲಕ್ಕೆ, ಇನ್ನೊಂದು ಎಡಕ್ಕೆ, ಅಷ್ಟೆ.

ಹೀಗೆ ಆ ನಸುಕಿನಲ್ಲಿ ಎಣ್ಣೆ ಕಾಣದ ತಲೆಯ ಕೂಸನ್ನು ಎತ್ತಿಕೊಂಡು ಟಂಟಂ ಹತ್ತಿ ತೇರದಾಳ, ಅಲ್ಲಿಂದ ಬಸ್ಸು ಹಿಡಿದು ಕುಡಚಿ. (ಬಾಗಲಕೋಟೆಯಿಂದ ಕುಡಚಿಗೆ ರೈಲು ಬರುತ್ತದೆ ಎಂದು ಕೇಳುತ್ತ ಕೇಳುತ್ತ ನಾನು ನಿವೃತ್ತನಾದೆ.) ಬಸ್ಸಿನಲ್ಲಿ ಕಬ್ಬಿನ ಗಾಡಿಗಳನ್ನು ಎಣಿಸಿದೆವು. ರೈಲು ಹತ್ತಿದ ಮೇಲೆ ಕಷ್ಟ ಶುರುವಾಯಿತು. ರೈಲು ಎಂಬುದೇ ದೊಡ್ಡ ತೊಟ್ಟಿಲು. ಕೃಷ್ಣೆಯ ಸೇತುವೆ ದಾಟುವಾಗ ಹೊಳೆ ತೋರಿಸಿದೆ, ಎಚ್ಚರಾದಳು. ಉಗಾರದಲ್ಲಿ ಸಕ್ಕರೆ ಕಾರ್ಖಾನೆಯ ವಾಸನೆಗೆ ಮೂಗು ಮುಚ್ಚಿಕೊಂಡು ನಕ್ಕಳು. ಶೇಡಬಾಳ ಬರುವಷ್ಟರಲ್ಲಿ ಕತ್ತು ನನ್ನ ತೋಳಿನ ಮೇಲೆ ಜೋಲಿತು. ಸೊಸೆ ಒದ್ದೆ ಸೆರಗಿನಿಂದ ಮುಖ ಒರೆಸಿದಳು, ನಾನು ಅಂಗಾಲಿಗೆ ಕಚಗುಳಿ ಇಟ್ಟೆ. ಎದುರಿನ ಸೀಟಿನ ಮುದುಕಿಗೆ ತಡೆಯಲಾಗಲಿಲ್ಲ. "ಏನ್ ಮನಶ್ಯಾರ ಅದೀರಿ ನೀವು? ಕೂಸಿನ ಕಣ್ಣಾಗ ನಿದ್ದಿ ತುಂಬೇತಿ, ಇತ್ತ ತರ್ರಿ," ಅಂತ ತೊಡೆ ಚಾಚಿದಳು. ಡಬ್ಬಿಯ ತುಂಬ ಮಂದಿ ಆಕೆಯ ಪಕ್ಷ ಹಿಡಿದರು. ಒಂದು ಕೂಸನ್ನು ಮಲಗಿಸಲಿಕ್ಕೆ ಇಷ್ಟು ಜನ ತಯಾರಿರುವ ದೇಶದಲ್ಲಿ ಅದನ್ನು ಎಬ್ಬಿಸಿಟ್ಟುಕೊಂಡು ಮಿರಜ ಮುಟ್ಟಿದ್ದು ನನ್ನ ಸರ್ವಿಸಿನ ದೊಡ್ಡ ಸಾಧನೆ.

ಪಟ್ಟಿ ತೆಗೆಯುವ ಕೋಣೆಯ ಹುಡುಗಿ ಟೇಪಿನಿಂದ ಸಣ್ಣವ್ವನ ತಲೆ ಅಳೆದಳು, ದರ್ಜಿ ಅಳೆದಂತೆ. ಕೆಂಪು ಪೆನ್ಸಿಲಿನಿಂದ ಬೈತಲೆಗಳ ನಡುವೆ ಗುರುತು ಹಾಕಿದಳು, ಬಿಳಿ ಅಂಟು ಹಚ್ಚಿ ಇಪ್ಪತ್ತಕ್ಕೂ ಹೆಚ್ಚು ವೈರು ಕೂಡಿಸಿದಳು. "ಹಾಂ, ಈಗ ಮಲಗು ಬಾಳ," ಅಂದಳು. ಸಣ್ಣವ್ವ ಕಣ್ಣು ಅಗಲಿಸಿ ನಮ್ಮನ್ನು ನೋಡಿದಳು. ನಿದ್ದೆಯ ಸುಳಿವೇ ಇಲ್ಲ. ರಾತ್ರಿಯಿಂದ ಬೇಡಬೇಡ ಅಂದದ್ದನ್ನು ಈಗ ಮಾಡು ಅಂದರೆ ಯಾವ ಕೂಸು ಕೇಳೀತು? ಸೊಸೆ ತಟ್ಟಿದಳು, ಹಾಡಿದಳು. ಹುಡುಗಿ ದೀಪ ಸಣ್ಣದು ಮಾಡಿದಳು. ಕೊನೆಗೆ ನಾನು ಶಾಲೆಯ ರಾಗದಲ್ಲಿ ಮಗ್ಗಿ ಶುರು ಮಾಡಿದೆ. ಹನ್ನೆರಡರ ಮಗ್ಗಿ ಮುಗಿದು ಹದಿಮೂರು ನಾಲ್ಕಲೇ ಐವತ್ತೆರಡು ಅನ್ನುವಷ್ಟರಲ್ಲಿ ಗೊರಕೆ. ಪರದೆಯ ಆಚೆಯಿಂದ ಮಗ ನಕ್ಕ. ಅವನೂ ನನ್ನ ಕ್ಲಾಸಿನಲ್ಲೇ ಕಲಿತವನು.

ಎಬ್ಬಿಸಿದ ಮೇಲೆ ಮತ್ತೆ ಗಾಳಿಚಕ್ರ. ಕಂಪ್ಯೂಟರಿನ ಪರದೆಯ ಮೇಲೆ ಗೀರುಗಳು ಗಾಳಿಗೆ ಹೊಯ್ದಾಡುವ ಹುಲ್ಲಿನ ಹಾಗೆ ಹೇಗೆ ಬೇಕೋ ಹಾಗೆ ಓಡುತ್ತಿದ್ದವು. ಚಕ್ರ ನಿಂತ ಗಳಿಗೆಗೆ ಎಲ್ಲ ಸಾಲುಗಳೂ ಒಟ್ಟಿಗೆ ಎದ್ದವು. ಒಂದು ಚೂಪು, ಒಂದು ದುಂಡು, ಮತ್ತೆ ಚೂಪು, ಮತ್ತೆ ದುಂಡು. ಒಂದೇ ಅಳತೆ. "ಸೆಕೆಂಡಿಗೆ ಮೂರು," ಅಂದರು ಒಳಗೆ ಬಂದು ನಿಂತಿದ್ದ ಡಾಕ್ಟರು. ಜರ್ಮನಿಯ ಹಾನ್ಸ್ ಬರ್ಗರ್ 1924ರಲ್ಲಿ ಮೊದಲ ಸಲ ಮನುಷ್ಯನ ಮಿದುಳಿನ ಕರೆಂಟನ್ನು ಹೀಗೆ ಕಾಗದಕ್ಕೆ ಇಳಿಸಿದ, ಐದು ವರ್ಷ ಬಿಟ್ಟು ಪ್ರಕಟಿಸಿದ. ಈ ಮೂರರ ತಾಳವನ್ನು ಬೋಸ್ಟನ್ನಿನ ಡಾಕ್ಟರರು ಬರೆದಿಟ್ಟದ್ದು 1935ರಲ್ಲಿ. ಮಗನಿಗೆ ಇದಾವುದೂ ಬೇಕಿರಲಿಲ್ಲ. ಅವನ ಬೆರಳು ತೊಡೆಯ ಮೇಲೆ ತಾನಾಗಿ ಬಡಿಯುತ್ತಿತ್ತು. "ಅಪ್ಪಾ, ಇದು ಮಗ್ಗದ ಗತಿ ಐತಿ," ಅಂದ. ಹೌದು. ಬನಹಟ್ಟಿಯ ಓಣಿಯಲ್ಲಿ ಹಗಲು ರಾತ್ರಿ ಕೇಳುವ ಪವರ್‌ಲೂಮಿನ ಸದ್ದು ಹತ್ತಿರ ಹತ್ತಿರ ಅದೇ ಲೆಕ್ಕದ್ದು. ಆ ಸದ್ದು ನಡೆದಿರುವಾಗ ಪಕ್ಕದವನು ಕೂಗಿದರೂ ಕೇಳಿಸುವುದಿಲ್ಲ. ಮಗನಿಗೆ ತನ್ನ ಮಗಳ ಬೇನೆ ಅಲ್ಲಿ ತಿಳಿಯಿತು. ನಾನು ಓದಿದ ಪುಟಗಳಿಂದ ತಿಳಿದಿರಲಿಲ್ಲ.

ಡಾಕ್ಟರು ಔಷಧ ಬರೆದರು. ದಿನಕ್ಕೆ ಎರಡು ಹೊತ್ತು, ಒಂದು ಹೊತ್ತೂ ತಪ್ಪಬಾರದು, ಕಡಿಮೆಯಾಯಿತೆಂದು ನಿಮ್ಮಷ್ಟಕ್ಕೆ ನೀವೇ ಬಿಡಬಾರದು, ಒಬ್ಬಳನ್ನೇ ಹೊಳೆಗೆ ಬಾವಿಗೆ ಬಿಡಬಾರದು. ಶಾಲೆಯ ಟೀಚರಿಗೆ ಹೇಳಿರಿ, ಮುಚ್ಚಿಡಬ್ಯಾಡಿರಿ ಎಂದರು. ಮುಚ್ಚಿಡುವವರು ಯಾರೆಂದೂ ಅವರಿಗೆ ತಿಳಿದಿತ್ತು.

ಔಷಧದ ಅಂಗಡಿಯ ಮುಂದೆ ಮಗ ಸರದಿಯಲ್ಲಿ ನಿಂತಾಗ ನಾನು ಕಟ್ಟೆಯ ಮೇಲೆ ಕೂತು ಒಂದು ಲೆಕ್ಕ ಹಾಕಿದೆ. ಹಾಕಬಾರದಿತ್ತು. ಚಾಮರಾಜನಗರ ಜಿಲ್ಲೆಯ ಯಳಂದೂರಿನಲ್ಲಿ ಡಾ. ಕೆ.ಎಸ್. ಮಣಿ ಅವರ ತಂಡ ಮನೆಮನೆಗೆ ಹೋಗಿ ಅರವತ್ತೈದು ಸಾವಿರದಷ್ಟು ಜನರಲ್ಲಿ ಫಿಟ್ಸ್ ಇದ್ದವರನ್ನು ಎಣಿಸಿತ್ತು. ಸಾವಿರಕ್ಕೆ ನಾಲ್ಕೈದು ಮಂದಿ ಸಿಕ್ಕಿದ್ದರು. ಎಲ್ಲರದೂ ನಮ್ಮ ಸಣ್ಣವ್ವನ ನಮೂನೆಯಲ್ಲ, ಅದು ಅವರಲ್ಲಿ ಸಣ್ಣ ಪಾಲು. ಆದರೂ ಮೂವತ್ತಮೂರು ವರ್ಷ, ವರ್ಷಕ್ಕೆ ನೂರೈವತ್ತು ಹೊಸ ಮುಖ ಹಿಡಿದರೂ ಐದು ಸಾವಿರ. ಗುಣಿಸಿದೆ. ಇಪ್ಪತ್ತು ಚಿಲ್ಲರೆ. ಅವರಲ್ಲಿ ಒಬ್ಬನಾದರೂ, ಇಬ್ಬರಾದರೂ.

ಒಬ್ಬ ಹುಡುಗನ ನೆನಪು ಬಂತು. ಮೂರನೆಯ ಬೆಂಚು, ಕಿಟಕಿ ಪಕ್ಕ. ಹಲಗೆಯ ಮೇಲಿನ ಲೆಕ್ಕ ಬರೆದುಕೊಳ್ಳುವಾಗ ನಡುವಿನ ಎರಡು ಸಾಲು ಬಿಟ್ಟಿರುತ್ತಿದ್ದ. ಮೊದಲಿನದು ಸರಿ, ಕೊನೆಯದೂ ಸರಿ, ನಡುವೆ ತೂತು. ಕೇಳಿದರೆ, "ನೀವು ಬರದಿಲ್ರಿ ಸರ್," ಅನ್ನುತ್ತಿದ್ದ. ಎದುರು ಮಾತಾಡುತ್ತೀಯಾ ಎಂದು ಬೆಂಚಿನ ಮೇಲೆ ನಿಲ್ಲಿಸಿದ್ದೆ. ಪ್ರಗತಿಪತ್ರದಲ್ಲಿ 'ಅಲಕ್ಷ್ಯ' ಅಂತ ಬರೆದು ಅಡಿಗೆರೆ ಎಳೆದಿದ್ದೆ. ಅವನಿಗೆ ಇದೇ ಇತ್ತೋ, ಕಿಟಕಿಯಾಚೆಯ ಬೇವಿನ ಮರ ನೋಡುತ್ತಿದ್ದನೋ, ಈಗ ಹೇಳುವವರಿಲ್ಲ. ಎಂಟನೆಯ ಇಯತ್ತೆಗೆ ಶಾಲೆ ಬಿಟ್ಟ.

ಮಗ ಔಷಧ ತಂದ. ಬಿಲ್ಲು ತೋರಿಸಲಿಲ್ಲ, ಕಿಸೆಯಲ್ಲಿ ಇಟ್ಟುಕೊಂಡ.

ರೈಲಿಗೆ ಹೊತ್ತಿತ್ತು. ಸಿತಾರ ಮಾಡುವವರ ಓಣಿಯ ಮೇಲೆ ಹಾಯ್ದು ಬಂದೆವು. ಅಬ್ದುಲ್ ಕರೀಂ ಖಾನರು ಬಾಳಿದ ಊರು ಅದು. 1937ರಲ್ಲಿ ತೀರಿಕೊಂಡ ಅವರ ಸಮಾಧಿ ಅಲ್ಲಿಯ ದರ್ಗಾದ ಆವರಣದಲ್ಲೇ ಇದೆ. ಅಂಗಡಿಗಳ ಮುಂದೆ ಒಣಗಿದ ದೊಡ್ಡ ದೊಡ್ಡ ಬುರುಡೆಗಳನ್ನು ಒಟ್ಟಿದ್ದರು. ಸಣ್ಣವ್ವ ಒಂದನ್ನು ಬೆರಳಿನಿಂದ ಬಡಿದು, ಕಿವಿ ಹಚ್ಚಿ ಕೇಳಿದಳು. "ಮುತ್ಯಾ, ಇದಕ್ಕೂ ವೈರ್ ಹಚ್ಚತಾರೇನು?"

ಹಚ್ಚತಾರ ಅಂದೆ.

(ಗೀಟುಗಳ ವಿಷಯ ಹೇಳಿಬಿಡುತ್ತೇನೆ. ಹದಿನಾಲ್ಕು ಇದ್ದದ್ದು ಮೊದಲ ತಿಂಗಳಲ್ಲಿ ಆರಕ್ಕೆ ಇಳಿಯಿತು, ಆಮೇಲೆ ಎರಡಕ್ಕೆ. ಯುಗಾದಿಯ ನಂತರ ಚೌಕುಗಳು ಖಾಲಿ ಇವೆ. ಪೆನ್ಸಿಲು ಮಾತ್ರ ಇನ್ನೂ ದಾರಕ್ಕೆ ಕಟ್ಟಿಕೊಂಡು ಕ್ಯಾಲೆಂಡರಿನ ಪಕ್ಕದಲ್ಲೇ ತೂಗುತ್ತಿದೆ. ಸೊಸೆ ತೆಗೆಯಗೊಡುವುದಿಲ್ಲ.)

ಸಂಜೆಯ ಗಾಡಿಯಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಡಾಕ್ಟರು ಕೊಟ್ಟ ಗಾಳಿಚಕ್ರವನ್ನು ಸಣ್ಣವ್ವ ಕಿಟಕಿಯ ಸರಳಿಗೆ ಸಿಕ್ಕಿಸಿದಳು. ಗಾಡಿ ಬಿಟ್ಟ ಕೂಡಲೇ ಅದು ತಿರುಗಿತು, ಯಾರೂ ಊದುವ ಕಾರಣವಿರಲಿಲ್ಲ. ವಿಜಯನಗರ ಸ್ಟೇಷನ್ ದಾಟುವ ಮೊದಲೇ ಆಕೆ ನನ್ನ ತೊಡೆಯ ಮೇಲೆ ಮಲಗಿದ್ದಳು. ಕಾಲು ಜೋಮು ಹಿಡಿಯಿತು, ಅಲುಗಾಡಲಿಲ್ಲ. ಮನೆಯಾಕೆಯ ಫೋನು ಬಂತು. "ಏನಂದ್ರು? ಉಂಡ್ಲೇನು ಕೂಸು? ಬಾಜೂ ಮನಿಯಾಕಿ ಬಂದು ಕೇಳಿದ್ಲು, ಮಿರಜಿಗ್ಯಾಕ ಅಂತ. ನಾ ಏನ್ ಹೇಳ್ಲಿ?"

"ಇದ್ದದ್ದ ಹೇಳು," ಅಂದೆ. ಆ ಕಡೆ ಬಹಳ ಹೊತ್ತು ಸದ್ದಿಲ್ಲ. ಆಮೇಲೆ, "ಎಣ್ಣಿ ಕಾಸಿ ಇಟ್ಟಿರತೇನಿ, ಲಗೂ ಬರ್ರಿ," ಅಂದು ಫೋನು ಇಟ್ಟಳು.

ಹೊಳೆ ದಾಟಿದ ಮೇಲೆ ಗಾಡಿ ನಿಧಾನವಾಯಿತು. ಚಕ್ರದ ಬಣ್ಣಗಳು ಬೇರೆ ಬೇರೆಯಾದವು. ಕುಡಚಿ. ಮಗ ಚೀಲ ಎತ್ತಿಕೊಂಡು, "ಎಬ್ಬಸ್ಲೇನಪ್ಪಾ?" ಅಂದ. ಬ್ಯಾಡ ಅಂದೆ. ಹೆಗಲ ಮೇಲೆ ಹಾಕಿಕೊಂಡು ಇಳಿದೆ. ತಲೆಯಿಂದ ಇನ್ನೂ ಆ ಬಿಳಿ ಅಂಟಿನ ವಾಸನೆ ಬರುತ್ತಿತ್ತು.